ಪೇಟೆ ಉಳಿಯದಿದ್ದರೆ ‘ಬ್ರ್ಯಾಂಡ್’ ಯಾವುದರದು?

2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಇತಿಹಾಸದ ಪುಟ ಸೇರಿತು. ಅದರ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದವು. ಈ ವಿಂಗಡಣೆಯ ಪರ-ವಿರೋಧದ ಗದ್ದಲದಲ್ಲಿ ಹೆಚ್ಚು ಚರ್ಚೆಗೆ ಬಾರದ ಸಂಗತಿಯೊಂದಿದೆ. ಚಿಕ್ಕಪೇಟೆ, ಗಾಂಧಿನಗರ, ಚಾಮರಾಜಪೇಟೆಗಳ ಹಳೆಯ ಬೆಂಗಳೂರು ಹಾಗೂ ಶಿವಾಜಿನಗರ, ಶಾಂತಿನಗರಗಳ ಹಳೆಯ ದಂಡುಪ್ರದೇಶ ಎರಡೂ ಬೆಂಗಳೂರು ಕೇಂದ್ರ ನಗರ ಪಾಲಿಕೆಯ ತೆಕ್ಕೆಗೆ ಬಂದಿವೆ. 1949ರಲ್ಲಿ ಪೇಟೆ ಮತ್ತು ದಂಡಿನ ಪುರಸಭೆಗಳು ಕೂಡಿ ಒಂದೇ ಪಾಲಿಕೆಯಾದಾಗ ಯಾವುದು ಬೆಂಗಳೂರಿನ ತಿರುಳಾಗಿತ್ತೋ, ಮುಕ್ಕಾಲು ಶತಮಾನದ ಬಳಿಕ ಅದೇ ತಿರುಳು ಮತ್ತೆ ಪ್ರತ್ಯೇಕ ಆಡಳಿತ ಘಟಕವಾಗಿ ಕಾಣಿಸಿಕೊಂಡಿದೆ. ಈ ಊರನ್ನು ಜಗತ್ತಿನ ಮುಂದೆ ಹೇಗೆ ಬಿಂಬಿಸಬೇಕು ಎಂಬ ಪ್ರಶ್ನೆಯನ್ನು ಹೊಸದಾಗಿ ಕೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕಿಲ್ಲ.

ಬೆಂಗಳೂರನ್ನು ಮಾರುವ ಉತ್ಸಾಹಕ್ಕಂತೂ ಯಾವ ಕಾಲದಲ್ಲೂ ಕೊರತೆ ಇರಲಿಲ್ಲ. ಒಂದು ಕಾಲಕ್ಕೆ ಇದು ನಿವೃತ್ತರ ಸ್ವರ್ಗ, ಮತ್ತೊಂದು ಕಾಲಕ್ಕೆ ಉದ್ಯಾನ ನಗರಿ, ಆಮೇಲೆ ಭಾರತದ ಸಿಲಿಕಾನ್ ಕಣಿವೆ. ಎಸ್.ಎಂ. ಕೃಷ್ಣ ಅವರ ಮುಖ್ಯಮಂತ್ರಿತ್ವದಲ್ಲಿ ಸಿಂಗಪುರ ಆದರ್ಶವಾಯಿತು. 2017ರ ಡಿಸೆಂಬರ್‌ನಲ್ಲಿ ಪ್ರವಾಸೋದ್ಯಮ ಇಲಾಖೆ ನಗರಕ್ಕೆಂದೇ ಒಂದು ಲಾಂಛನವನ್ನು ಬಿಡುಗಡೆ ಮಾಡಿತು. ದೇಶದಲ್ಲಿ ಸ್ವಂತ ಲಾಂಛನ ಹೊಂದಿದ ಮೊದಲ ನಗರ ಇದೇ ಎಂದು ಹೇಳಿಕೊಳ್ಳಲಾಯಿತು. ಊರಿನ ಹೆಸರಿನ ಮೊದಲ ಮತ್ತು ಕೊನೆಯ ಅಕ್ಷರಗಳನ್ನು ಎತ್ತಿ ತೋರಿಸಿ ‘ಬಿ ಯು’, ಅಂದರೆ ‘ನೀವು ನೀವಾಗಿರಿ’ ಎಂದು ಓದಿಸುವ ಚಮತ್ಕಾರ ಅದರಲ್ಲಿತ್ತು. 2023ರಲ್ಲಿ ‘ಬ್ರ್ಯಾಂಡ್ ಬೆಂಗಳೂರು’ ಹೆಸರಿನಲ್ಲಿ ಸರ್ಕಾರ ನಾಗರಿಕರಿಂದ ಸಲಹೆ ಕೇಳಿದಾಗ ಸಾವಿರಾರು ಸಲಹೆಗಳು ಹರಿದುಬಂದವು. ಸಂಚಾರ, ಕಸ, ಕುಡಿಯುವ ನೀರು ಮುಂತಾದ ಶೀರ್ಷಿಕೆಗಳಡಿ ಅವನ್ನು ವಿಂಗಡಿಸಲಾಯಿತು. ನಾಗರಿಕರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಹರಿಯುವ ವಾಹನಗಳು, ಕಸವಿಲ್ಲದ ಬೀದಿ, ನಲ್ಲಿಯಲ್ಲಿ ನೀರು ಇವು ಪ್ರತಿಯೊಂದು ಊರಿಗೂ ಬೇಕಾದವು. ಇವನ್ನು ಪಡೆದ ಊರು ವಾಸಯೋಗ್ಯವಾಗುತ್ತದೆ, ಅಷ್ಟರಿಂದಲೇ ವಿಶಿಷ್ಟವಾಗುವುದಿಲ್ಲ.

ಹಾಗಿದ್ದರೆ ಬೆಂಗಳೂರಿನಲ್ಲಿ ಮಾತ್ರ ಸಿಗುವುದು ಯಾವುದು? ವೈಟ್‌ಫೀಲ್ಡ್‌ನ ಗಾಜಿನ ಕಟ್ಟಡಗಳಂಥವು ಹೈದರಾಬಾದಿನಲ್ಲೂ ಇವೆ, ಗುರುಗ್ರಾಮದಲ್ಲೂ ಇವೆ. ಮಾಲ್‌ಗಳಂತೂ ಎಲ್ಲೆಡೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ಇನ್ನೊಂದು ಊರು ಎಷ್ಟು ಹಣ ಸುರಿದರೂ ಕಟ್ಟಲಾಗದ್ದು ಬೆಂಗಳೂರಿನಲ್ಲಿ ಏನಾದರೂ ಇದ್ದರೆ ಅದು ಮೈಸೂರು ಬ್ಯಾಂಕ್ ವೃತ್ತದಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯವರೆಗೆ ಸುಮಾರು ಒಂದು ಕಿಲೋಮೀಟರ್ ಚಾಚಿಕೊಂಡಿರುವ ದೊಡ್ಡಪೇಟೆಯ ಬೀದಿ, ಅಂದರೆ ಇಂದಿನ ಅವೆನ್ಯೂ ರಸ್ತೆ, ಮತ್ತು ಅದರ ಎರಡೂ ಬದಿಗೆ ಕವಲೊಡೆದಿರುವ ಪೇಟೆಗಳು. ನಗರದ ಪ್ರಚಾರಸಾಹಿತ್ಯದಲ್ಲಿ ಅತ್ಯಂತ ಕಡಿಮೆ ಜಾಗ ಸಿಕ್ಕಿರುವುದೂ ಇದಕ್ಕೇ.

ಹೆಸರೇ ಜಾಹೀರಾತು

1537ರಲ್ಲಿ ಕೆಂಪೇಗೌಡರು ಊರು ಕಟ್ಟಿಸಿದಾಗ ದೊಡ್ಡಪೇಟೆಯ ಚೌಕದಿಂದ ನಾಲ್ಕು ದಿಕ್ಕಿಗೆ ಎತ್ತುಗಳನ್ನು ಹೂಡಿ ನೇಗಿಲ ಗೆರೆ ಎಳೆಸಿದರೆಂಬ ಐತಿಹ್ಯ ಎಲ್ಲರಿಗೂ ತಿಳಿದದ್ದೇ. ಪೂರ್ವಕ್ಕೆ ಹಲಸೂರು, ಪಶ್ಚಿಮಕ್ಕೆ ಸೊಂಡೆಕೊಪ್ಪ, ಉತ್ತರಕ್ಕೆ ಯಲಹಂಕ, ದಕ್ಷಿಣಕ್ಕೆ ಆನೇಕಲ್ ಹೀಗೆ ಹೊರಟ ಗೆರೆಗಳೇ ಬೀದಿಗಳಾದವು ಎನ್ನುತ್ತದೆ ಆ ಕಥೆ. ಎತ್ತುಗಳ ಕಥೆ ಎಷ್ಟು ನಿಜವೋ ಇತಿಹಾಸಕಾರರು ನೋಡಿಕೊಳ್ಳಲಿ. ಊರು ಹುಟ್ಟಿದ್ದು ಒಂದು ಅಡ್ಡಬೀದಿ, ಒಂದು ಉದ್ದಬೀದಿ ಕೂಡುವಲ್ಲಿ, ವ್ಯಾಪಾರದ ಸಲುವಾಗಿ ಎಂಬುದನ್ನು ಅದು ಸೊಗಸಾಗಿ ಹೇಳುತ್ತದೆ.

ಆ ಬೀದಿಗಳ ಅಕ್ಕಪಕ್ಕದ ಹೆಸರುಗಳನ್ನು ಒಮ್ಮೆ ಓದಿಕೊಳ್ಳಿ: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೆಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಅಕ್ಷರ ಬಾರದ ರೈತನೂ ದೂರದ ವರ್ತಕನೂ ಕೋಟೆಯ ಬಾಗಿಲು ದಾಟಿದೊಡನೆ ತನಗೆ ಬೇಕಾದ್ದು ಯಾವ ಓಣಿಯಲ್ಲಿದೆ ಎಂದು ಹೆಸರಿನಿಂದಲೇ ತಿಳಿಯಬಹುದಿತ್ತು. ಈ ಊರು ಮಾಡಿಕೊಂಡ ಮೊದಲ ಜಾಹೀರಾತು ಇದೇ. ಅದಕ್ಕೆ ಯಾವ ಸಲಹೆಗಾರ ಸಂಸ್ಥೆಯೂ ಬೇಕಾಗಲಿಲ್ಲ. ಸುಳ್ಳು ಹೇಳಲು ಅದರಲ್ಲಿ ಅವಕಾಶವೂ ಇರಲಿಲ್ಲ. ಬಳೆ ಸಿಗದ ಬಳೆಪೇಟೆಗೆ ಗಿರಾಕಿ ಎರಡನೇ ಸಲ ಬರುವುದಿಲ್ಲ. ಟಿಪ್ಪುವಿನ ಪತನಾನಂತರ 1800ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ನೇಕಾರರು, ಬಣ್ಣಗಾರರು ಮತ್ತು ವರ್ತಕರ ಬಗ್ಗೆ ವಿವರವಾಗಿ ಬರೆದಿಟ್ಟಿದ್ದಾನೆ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಪೇಟೆಯನ್ನು ಹಿಡಿದು ಹಾಳುಗೆಡವಿದ ಮೇಲೂ ಒಂದು ದಶಕದೊಳಗೆ ಅದು ವಿವರಿಸಲು ಯೋಗ್ಯವಾದ ವ್ಯಾಪಾರಸ್ಥಳವಾಗಿ ನಿಂತಿತ್ತು ಎಂಬುದು ಗಮನಾರ್ಹ.

ಹೆಸರು ಮತ್ತು ಕಸುಬಿನ ಹೊಂದಿಕೆ ಇಂದು ಹಳೆಯ ರೀತಿಯಲ್ಲಿ ಉಳಿದಿಲ್ಲ. ಗಾಣಿಗರಪೇಟೆಯಲ್ಲಿ ಗಾಣ ಹುಡುಕುವುದು ವ್ಯರ್ಥ. ಆದರೆ ಒಂದೊಂದು ಓಣಿಗೆ ಒಂದೊಂದು ಸರಕು ಎಂಬ ಪದ್ಧತಿ ಮಾತ್ರ ಸತ್ತಿಲ್ಲ. ಸರಕು ಬದಲಾಗಿದೆ, ಅಷ್ಟೇ. ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆ, ಬಳೆಪೇಟೆಯಲ್ಲಿ ಸಂಗೀತ ವಾದ್ಯ, ಸುಲ್ತಾನ್‌ಪೇಟೆಯಲ್ಲಿ ಕಾಗದ ಮತ್ತು ಲಗ್ನಪತ್ರಿಕೆ, ನಗರ್ತಪೇಟೆಯಲ್ಲಿ ಬಟ್ಟೆ ಮತ್ತು ಅಕ್ಕಸಾಲಿಗರ ಕೆಲಸ, ರಾಜಾ ಮಾರುಕಟ್ಟೆಯಲ್ಲಿ ಚಿನ್ನ-ಬೆಳ್ಳಿ, ಅವೆನ್ಯೂ ರಸ್ತೆಯ ಪಾದಚಾರಿ ಮಾರ್ಗದಲ್ಲಿ ಹಳೆಯ ಪಠ್ಯಪುಸ್ತಕ, ಅಲ್ಲಿಂದ ಸ್ವಲ್ಪ ದೂರದ ಸಾದರ್ ಪತ್ರಪ್ಪ ರಸ್ತೆಯಲ್ಲಿ ಕಂಪ್ಯೂಟರ್ ಬಿಡಿಭಾಗ. ಸಿಲಿಕಾನ್ ಕಣಿವೆ ಎಂಬ ಬಿರುದು ಹೊತ್ತ ಊರಿನಲ್ಲಿ ಎಷ್ಟೋ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಮ್ಮ ಮೊದಲ ಸರ್ಕ್ಯೂಟಿಗೆ ಬೇಕಾದ ಬಿಡಿಭಾಗ ಕೊಂಡದ್ದು ಈ ಹಳೆಯ ಪೇಟೆಯ ಮಗ್ಗುಲಲ್ಲೇ. ಈ ಸಂಬಂಧವನ್ನು ಯಾವ ಲಾಂಛನವೂ ಹೇಳಿಲ್ಲ.

ಮದುವೆ ನಿಶ್ಚಯವಾದ ಒಂದು ಮಧ್ಯಮ ವರ್ಗದ ಮನೆಯವರು ಸೀರೆ, ಒಡವೆ, ಲಗ್ನಪತ್ರಿಕೆ, ಪಾತ್ರೆ, ಬಳೆ, ಕೊನೆಗೆ ಹೂವು ಮತ್ತು ವೀಳ್ಯದೆಲೆಯವರೆಗೆ ಎಲ್ಲವನ್ನೂ ಈ ಒಂದು ಕಿಲೋಮೀಟರಿನ ಆಸುಪಾಸಿನಲ್ಲಿ ಮುಗಿಸಬಹುದು. ಐವತ್ತು ಸೀರೆ ಅಂಗಡಿಗಳು ಒಂದೇ ಕಡೆ ಇದ್ದರೆ ಪರಸ್ಪರ ಪೈಪೋಟಿಯಲ್ಲಿ ಮುಳುಗಿಹೋಗಬೇಕಲ್ಲ ಎಂದು ಹೊರಗಿನವರಿಗೆ ಅನಿಸಬಹುದು. ಆಗುವುದು ಇದಕ್ಕೆ ವಿರುದ್ಧ. ಹೋಲಿಸಿ ನೋಡಬಹುದೆಂಬ ಧೈರ್ಯದಿಂದಲೇ ಗಿರಾಕಿ ಅಷ್ಟು ದೂರ ಬರುತ್ತಾನೆ. ಒಂದು ಅಂಗಡಿಯಲ್ಲಿ ಇಲ್ಲದ ಬಣ್ಣವನ್ನು ಪಕ್ಕದ ಅಂಗಡಿಯಿಂದ ತರಿಸಿ ತೋರಿಸುತ್ತಾರೆ. ಮಾತಿನ ನಂಬಿಕೆಯ ಮೇಲೆ ಸಾಲ ಹುಟ್ಟುತ್ತದೆ. ಕುಚ್ಚು ಕಟ್ಟುವವರು, ದರ್ಜಿಗಳು, ಮೂಟೆ ಹೊರುವ ಹಮಾಲಿಗಳು, ಚಹಾ ತರುವ ಹುಡುಗ, ಸಂಜೆ ಲೆಕ್ಕ ಬರೆಯುವ ಗುಮಾಸ್ತ ಎಲ್ಲರಿಗೂ ಆ ಓಣಿಯಲ್ಲೇ ಕೆಲಸ ದಕ್ಕುತ್ತದೆ. ಇವರಲ್ಲಿ ಒಬ್ಬರನ್ನು ತೆಗೆದರೂ ಸರಪಳಿ ಸಡಿಲಗೊಳ್ಳುತ್ತದೆ. ಸೀರೆ ಅಂಗಡಿಯನ್ನು ಬೇರೆ ಬಡಾವಣೆಗೆ ಸಾಗಿಸಬಹುದು, ಓಣಿಯನ್ನು ಸಾಗಿಸಲಾಗದು.

ಚರ್ಚ್ ಸ್ಟ್ರೀಟ್ ಕಲಿಸಿದ್ದು, ಕಲಿಸದೇ ಬಿಟ್ಟದ್ದು

ಒಂದು ಬೀದಿಯನ್ನು ಮುಂದಿಟ್ಟುಕೊಂಡು ಊರಿನ ಮೆರುಗು ಹೆಚ್ಚಿಸುವ ಪ್ರಯೋಗ ದಂಡಿನ ಕಡೆ ಈಗಾಗಲೇ ನಡೆದಿದೆ. ಮಹಾತ್ಮ ಗಾಂಧಿ ರಸ್ತೆಗೆ ಮೆಟ್ರೊ ಬಂದದ್ದು 2011ರ ಅಕ್ಟೋಬರ್‌ನಲ್ಲಿ. ಅದರ ಪಕ್ಕದ ಚರ್ಚ್ ಸ್ಟ್ರೀಟ್ ಕಲ್ಲುಹಾಸು, ಅಗಲವಾದ ಕಾಲುದಾರಿ, ಭೂಮಿಯೊಳಗೆ ಹೂತ ಕೊಳವೆ-ತಂತಿಗಳೊಡನೆ 2018ರ ಮಾರ್ಚ್‌ನಲ್ಲಿ ಮರುಹುಟ್ಟು ಪಡೆಯಿತು. 2020ರ ನವೆಂಬರ್‌ನಿಂದ ಕೆಲವು ತಿಂಗಳ ಕಾಲ ವಾರಾಂತ್ಯದಲ್ಲಿ ಅಲ್ಲಿಗೆ ವಾಹನಗಳನ್ನೇ ಬಿಡದೆ ಗಾಳಿಯ ಗುಣಮಟ್ಟವನ್ನು ಅಳೆಯಲಾಯಿತು. ಪುಸ್ತಕದಂಗಡಿ, ಕಾಫಿ, ಬೀದಿಬದಿಯ ಸಂಗೀತ ಎಲ್ಲ ಸೇರಿ ಯುವಜನರು ಸಮಯ ಕಳೆಯುವ ತಾಣವಾಗಿ ಆ ಬೀದಿ ರೂಪುಗೊಂಡಿದೆ. ಇದು ಯಶಸ್ಸೇ, ಕೊಂಕು ತೆಗೆಯಬೇಕಾದ್ದಿಲ್ಲ.

ತೊಂದರೆ ಇರುವುದು ಅದೇ ಅಚ್ಚನ್ನು ಪೇಟೆಗೂ ಒತ್ತಬಹುದು ಎಂಬ ಎಣಿಕೆಯಲ್ಲಿ. ಚರ್ಚ್ ಸ್ಟ್ರೀಟಿಗೆ ಹೋಗುವವನು ಬರಿಗೈಯಲ್ಲಿ ಹೋಗಿ ಬರಿಗೈಯಲ್ಲೇ ಹಿಂತಿರುಗಬಲ್ಲ. ಅವನು ಕೊಳ್ಳುವುದು ಒಂದು ಸಂಜೆಯನ್ನು. ಅವೆನ್ಯೂ ರಸ್ತೆಗೆ ಬರುವವರ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ, ಹಿಂತಿರುಗುವಾಗ ಒಂದು ಮೂಟೆ. ಅಲ್ಲಿ ಸಾಗಣೆಯ ಗಾಡಿಯೇ ವ್ಯಾಪಾರದ ಉಸಿರು. 2021ರ ಆಸುಪಾಸಿನಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಡಿ ಅವೆನ್ಯೂ ರಸ್ತೆಯನ್ನು ಅಗೆದು ಮರುನಿರ್ಮಿಸಲು ಹೊರಟಾಗ ವ್ಯಾಪಾರಿಗಳು ಕೆಸರು, ಧೂಳುಗಳ ನಡುವೆ ದಿನ ದೂಡಿದರು. ಕೋವಿಡ್‌ನಿಂದಾಗಿ 2020ರಲ್ಲಿ ತಿಂಗಳುಗಟ್ಟಲೆ ಬಾಗಿಲು ಮುಚ್ಚಿದ್ದ ಮಾರುಕಟ್ಟೆ ಪ್ರದೇಶ ಚೇತರಿಸಿಕೊಳ್ಳಬೇಕಾದ ಹೊತ್ತು ಅದು. ರಸ್ತೆಗೆ ಅಂದ ಬರಬೇಕೆಂಬುದು ಸರಿ. ಅಂದ ಬರುವ ತನಕ ಅಂಗಡಿ ಬದುಕಿರಬೇಕು ಎಂಬುದನ್ನು ಕಾಮಗಾರಿಯ ವೇಳಾಪಟ್ಟಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು.

ಇದಕ್ಕೂ ಮೊದಲು ಎದುರಾದದ್ದು ರಸ್ತೆ ವಿಸ್ತರಣೆಯ ಗಂಡಾಂತರ. ಅವೆನ್ಯೂ ರಸ್ತೆಯನ್ನು ಅಗಲ ಮಾಡುವ ಪ್ರಸ್ತಾಪ ಈ ಶತಮಾನದ ಮೊದಲ ದಶಕದಲ್ಲಿ ಬಂದಾಗ ವರ್ತಕರು ಬೀದಿಗಿಳಿದರು. ಭೂಮಿ ಕಳೆದುಕೊಳ್ಳುವವರಿಗೆ ಹಣದ ಬದಲು ಅಭಿವೃದ್ಧಿ ಹಕ್ಕಿನ ಪ್ರಮಾಣಪತ್ರ ಕೊಡುವ ಪದ್ಧತಿ ಆಗಿನ ವಿಸ್ತರಣೆಗಳ ಮುಖ್ಯ ಸಾಧನ. ಹತ್ತಡಿ ಅಗಲದ ಅಂಗಡಿಯ ಆರಡಿ ಹೋದರೆ ಉಳಿದ ನಾಲ್ಕಡಿಯಲ್ಲಿ ವ್ಯಾಪಾರ ಸಾಧ್ಯವಿಲ್ಲ. ಬಾಡಿಗೆದಾರನಿಗಂತೂ ಆ ಪ್ರಮಾಣಪತ್ರದಿಂದ ಬಿಡಿಗಾಸೂ ಇಲ್ಲ. ಅದು ಸ್ವತ್ತಿನ ಒಡೆಯನಿಗೆ ಸಲ್ಲುವುದು. ವಿರೋಧದ ಫಲವಾಗಿ ವಿಸ್ತರಣೆ ನಡೆಯಲಿಲ್ಲ. ನಡೆದಿದ್ದರೆ ನಾವು ಇಂದು ಅಗಲವಾದ ಒಂದು ರಸ್ತೆಯನ್ನು ಪಡೆದು, ಆ ರಸ್ತೆಗೆ ಜನರು ಬರುತ್ತಿದ್ದ ಕಾರಣವನ್ನೇ ಕಳೆದುಕೊಂಡಿರುತ್ತಿದ್ದೆವು.

ಬೇರೆ ಊರುಗಳ ಅನುಭವ

ಈ ವಿಷಯದಲ್ಲಿ ದೆಹಲಿಯ ಚಾಂದನಿ ಚೌಕ್ ನಮ್ಮ ದೊಡ್ಡಪೇಟೆಗೆ ಹತ್ತಿರದ ಹೋಲಿಕೆ. ಷಹಜಹಾನನ ಮಗಳು ಜಹಾನಾರಾ 17ನೇ ಶತಮಾನದಲ್ಲಿ ರೂಪಿಸಿದ ಆ ಬೀದಿಗೂ ಇಂಥವೇ ಕವಲುಗಳಿವೆ: ಬೆಳ್ಳಿಗೆ ದರೀಬಾ, ಜರತಾರಿಗೆ ಕಿನಾರಿ ಬಜಾರ್, ಮಸಾಲೆಗೆ ಖಾರಿ ಬಾವಲಿ, ಪುಸ್ತಕಕ್ಕೆ ನಯೀ ಸಡಕ್. ಕೆಂಪುಕೋಟೆಯಿಂದ ಫತೇಪುರಿ ಮಸೀದಿಯವರೆಗಿನ ಸುಮಾರು 1.3 ಕಿಲೋಮೀಟರ್ ಉದ್ದದ ದಾರಿಯನ್ನು ಕೆಂಪುಕಲ್ಲಿನಿಂದ ಸಿಂಗರಿಸಿ 2021ರ ಸೆಪ್ಟೆಂಬರ್‌ನಲ್ಲಿ ಜನರಿಗೆ ಒಪ್ಪಿಸಲಾಯಿತು. ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನಗಳಿಗೆ ನಿಷೇಧ ಹಾಕಲಾಯಿತು. ನಡೆಯುವವರಿಗೆ ಇದರಿಂದ ದೊಡ್ಡ ಉಪಕಾರವಾಯಿತು. ಆದರೆ ನಿಯಮವನ್ನು ದಿನವೂ ಕಾಯಬೇಕಾದ ಸಿಬ್ಬಂದಿ, ಸರಕು ಇಳಿಸುವ ಜಾಗ, ಮುರಿದ ಕಲ್ಲನ್ನು ಬದಲಿಸುವ ವ್ಯವಸ್ಥೆ ಇಲ್ಲವಾದರೆ ಉದ್ಘಾಟನೆಯ ದಿನದ ಹೊಳಪು ಎಷ್ಟು ಬೇಗ ಮಾಸುತ್ತದೆ ಎಂಬುದನ್ನೂ ಆ ಬೀದಿ ತೋರಿಸಿಕೊಟ್ಟಿತು.

ಅಹಮದಾಬಾದ್ ಹಿಡಿದದ್ದು ಕಡಿಮೆ ಖರ್ಚಿನ ದಾರಿ. ಅಲ್ಲಿನ ಪಾಲಿಕೆ 1997ರಲ್ಲೇ ಹಳೆಯ ಊರಿನ ‘ಪೋಳ’ಗಳ ಮೂಲಕ ಪಾರಂಪರಿಕ ನಡಿಗೆಯನ್ನು ಆರಂಭಿಸಿತು. ಎರಡು ದಶಕಗಳ ಬಳಿಕ, 2017ರಲ್ಲಿ, ಭಾರತದ ಮೊದಲ ವಿಶ್ವ ಪರಂಪರೆಯ ನಗರವೆಂಬ ಯುನೆಸ್ಕೊ ಮನ್ನಣೆ ಆ ಊರಿಗೆ ದೊರೆಯಿತು. ಮನ್ನಣೆ ದೊಡ್ಡದೇ ಆದರೂ ಪೋಳಗಳ ಮನೆಗಳು ಖಾಲಿಯಾಗಿ ಗೋದಾಮುಗಳಾಗುವ ಚಿಂತೆ ಅಲ್ಲಿ ನೀಗಿಲ್ಲ.

ಯಶಸ್ಸು ಮಿತಿಮೀರಿದರೆ ಏನಾಗುತ್ತದೆ ಎಂಬುದಕ್ಕೆ ಬಾರ್ಸಿಲೋನಾ ನಿದರ್ಶನ. ಅಲ್ಲಿನ ಹೆದ್ದೆರುವು ‘ರಾಂಬ್ಲಾ’. ಅದರ ಪಕ್ಕದ ಬೊಕೆರಿಯಾ ಎಂಬ ಹಣ್ಣು-ತರಕಾರಿ-ಮೀನಿನ ಮಾರುಕಟ್ಟೆ ಪ್ರವಾಸಿಗರ ಪಟ್ಟಿಯಲ್ಲಿ ಮೊದಲ ಸಾಲಿಗೆ ಏರಿತು. ಚಿತ್ರ ತೆಗೆಯುವವರ ಗುಂಪಿನ ನಡುವೆ ಚೀಲ ಹಿಡಿದ ಗೃಹಿಣಿ ಒಳಗೆ ಕಾಲಿಡಲಾಗದಂತಾಯಿತು. ತರಕಾರಿ ಮಾರುವ ಕಟ್ಟೆಗಳಲ್ಲಿ ಲೋಟದಲ್ಲಿ ಹಣ್ಣಿನ ರಸ ಮಾರುವುದೇ ಹೆಚ್ಚು ಲಾಭದ್ದಾಯಿತು. 2015ರಲ್ಲಿ ಅಲ್ಲಿನ ನಗರಾಡಳಿತ, ದಟ್ಟಣೆಯ ಹೊತ್ತಿನಲ್ಲಿ ಪ್ರವಾಸಿಗರ ದೊಡ್ಡ ಗುಂಪುಗಳಿಗೆ ಪ್ರವೇಶ ನಿರ್ಬಂಧಿಸಬೇಕಾಯಿತು. ಮಾರುಕಟ್ಟೆಯನ್ನು ನೋಡಲು ಬಂದವರಿಂದಲೇ ಮಾರುಕಟ್ಟೆ ಕರಗಿಹೋಗುವ ವಿಪರ್ಯಾಸ ಇದು. ಬೆಂಗಳೂರಿನ ಪೇಟೆಗೆ ಇಂಥ ಪ್ರವಾಸಿ ಪ್ರವಾಹ ಇನ್ನೂ ಬಂದಿಲ್ಲ. ಬರುವ ಮೊದಲೇ ಯೋಚಿಸುವ ಅನುಕೂಲ ನಮಗಿದೆ.

ಹಾಡಿ ಹೊಗಳಬೇಕಾದ್ದಷ್ಟೇ ಅಲ್ಲ

ಪೇಟೆಯ ಪರವಾಗಿ ಮಾತಾಡುವವರು ಅದರ ಕೊರತೆಗಳಿಗೆ ಕಣ್ಣುಮುಚ್ಚಬಾರದು. 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯ ಕಟ್ಟಡವೊಂದರಲ್ಲಿ ಬೆಂಕಿ ಹೊತ್ತಿ ಐವರು ಪ್ರಾಣ ಕಳೆದುಕೊಂಡರು. ಕೆಳಗೆ ಉರಿಯುವ ಸರಕು, ಮೇಲೆ ಸಂಸಾರ, ನಡುವೆ ಕಿರಿದಾದ ಒಂದು ಮೆಟ್ಟಿಲು ಎಂಬಂಥ ಕಟ್ಟಡಗಳು ಪೇಟೆಯಲ್ಲಿ ಒಂದೆರಡಲ್ಲ. ಹೊರಗೆ ಅಗ್ನಿಶಾಮಕ ವಾಹನ ನುಗ್ಗಲಾಗದ ಓಣಿ, ತಲೆಯ ಮೇಲೆ ಜೋತಾಡುವ ತಂತಿಗಳು. ಇಂಥ ಸ್ಥಿತಿಯನ್ನು ‘ಹಳೆಯ ಊರಿನ ಸೊಗಡು’ ಎಂದು ಕರೆಯುವುದು ಅಲ್ಲಿ ದುಡಿಯುವವರಿಗೆ ಮಾಡುವ ಅವಮಾನ. ಏನನ್ನೂ ಮುಟ್ಟದೆ ಬಿಡುವುದಕ್ಕೆ ಸಂರಕ್ಷಣೆ ಎಂಬ ಹೆಸರು ಸಲ್ಲದು.

ಪೇಟೆಯ ಹೆಸರುಗಳಲ್ಲಿ ಕಸುಬಿನೊಂದಿಗೆ ಜಾತಿಯೂ ಅಡಗಿದೆ ಎಂಬುದನ್ನು ಮರೆಯುವಂತಿಲ್ಲ. ಕುಂಬಾರರಿಗೊಂದು, ಗಾಣಿಗರಿಗೊಂದು, ತಿಗಳರಿಗೊಂದು ಕೇರಿ ಎಂಬ ವ್ಯವಸ್ಥೆ ಕೇವಲ ವ್ಯಾಪಾರದ ಅನುಕೂಲಕ್ಕೆ ಹುಟ್ಟಿದ್ದಲ್ಲ. ಆದರೆ ಅದೇ ಪೇಟೆ ಕಾಲಕ್ರಮದಲ್ಲಿ ತನ್ನ ಗೋಡೆಗಳನ್ನು ತಾನೇ ತೆಳುವಾಗಿಸಿಕೊಂಡಿತು. ತಮಿಳು, ತೆಲುಗು, ಮರಾಠಿ, ಉರ್ದು, ಗುಜರಾತಿ, ಮಾರವಾಡಿ ಮಾತುಗಳು ಅಲ್ಲಿ ಕನ್ನಡದೊಡನೆ ಬೆರೆತು ಲೆಕ್ಕ ನಡೆಸಿವೆ. ಶಾಸನತಜ್ಞ ಬಿ.ಎಲ್. ರೈಸ್ ಅವರ ತಂದೆ ಬೆಂಜಮಿನ್ ರೈಸ್ ಅವರ ಹೆಸರಿನ ಚರ್ಚು ಇರುವುದೂ ಈ ಅವೆನ್ಯೂ ರಸ್ತೆಯಲ್ಲೇ. ಚೈತ್ರ ಪೂರ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ಕರಗ ಪೇಟೆಯಿಂದ ಪೇಟೆಗೆ ಸಾಗಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಭೇಟಿಯಿತ್ತು, ಬೆಳಗಾಗುವ ಹೊತ್ತಿಗೆ ಗುಡಿಗೆ ಮರಳುತ್ತದೆ. ಪೇಟೆಗಳನ್ನು ಒಂದು ದಾರದಲ್ಲಿ ಪೋಣಿಸಿದ ನಕ್ಷೆ ಬೇಕಾದವರು ಕರಗದ ಹಾದಿಯನ್ನು ನೋಡಿದರೆ ಸಾಕು. ಪ್ರವಾಸೋದ್ಯಮಕ್ಕಾಗಿ ಯಾರೂ ಅದನ್ನು ವಿನ್ಯಾಸಗೊಳಿಸಲಿಲ್ಲ. ಆದ್ದರಿಂದಲೇ ಅದು ಇಷ್ಟು ಕಾಲ ಉಳಿದಿದೆ.

ಕಾನೂನು ಇದೆ, ಬಳಸುವವರಿಲ್ಲ

ಹಾಗಾದರೆ ಮಾಡಬೇಕಾದ್ದೇನು? ಹೊಸ ಕಾಯ್ದೆಗಳಿಗಿಂತ ಇರುವ ಕಾಯ್ದೆಗಳನ್ನು ಓದುವುದೇ ಮೊದಲ ಕೆಲಸ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಬಹಳ ಮುಖ್ಯವಾದ, ಬಹಳ ಕಡಿಮೆ ಚರ್ಚೆಯಾದ ಅಂಶವೊಂದಿದೆ. ಕೊಳ್ಳುವವರೂ ಮಾರುವವರೂ ಪರಂಪರಾಗತವಾಗಿ ಸೇರುವ ತಾಣಗಳನ್ನು ಅದು ‘ನೈಸರ್ಗಿಕ ಮಾರುಕಟ್ಟೆ’ ಎಂದು ಗುರುತಿಸುತ್ತದೆ. ಬೀದಿ ವ್ಯಾಪಾರಿಗಳು ಐವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ವಹಿವಾಟು ನಡೆಸುತ್ತಿರುವ ಇಂಥ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನವರನ್ನು ಸ್ಥಳಾಂತರಿಸಬಾರದು ಎನ್ನುತ್ತದೆ. ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೊರಗಿನ ಹೂವು-ಹಣ್ಣಿನವರು, ಅವೆನ್ಯೂ ರಸ್ತೆಯ ಹಳೆಯ ಪುಸ್ತಕದವರು ಈ ಮಾತಿಗೆ ಎಷ್ಟು ಸಲ್ಲುತ್ತಾರೆ ಎಂದು ಪರಿಶೀಲಿಸಿ ಘೋಷಿಸುವುದು ಹೊಸ ಕೇಂದ್ರ ಪಾಲಿಕೆ ಮಾಡಬಹುದಾದ ಮೊದಲ ‘ಬ್ರ್ಯಾಂಡಿಂಗ್’ ಕೆಲಸ. ‘ಪಾರಂಪರಿಕ’ ಎಂಬ ಪದವನ್ನು ಗೋಡೆ-ಗೋಪುರಗಳಿಗೆ ಮೀಸಲಿಟ್ಟ ನಮ್ಮ ರೂಢಿಯನ್ನು ಈ ಕಾಯ್ದೆ ಮುರಿಯುತ್ತದೆ. ಅದರ ದೃಷ್ಟಿಯಲ್ಲಿ ಬುಟ್ಟಿ ಹಿಡಿದು ಕುಳಿತ ಹೂವಾಡಗಿತ್ತಿಯೂ ಪರಂಪರೆಯೇ.

ಎರಡನೆಯದು ಬಾಡಿಗೆಯ ಪ್ರಶ್ನೆ. ಕರ್ನಾಟಕದ ಬಾಡಿಗೆ ಕಾಯ್ದೆಯ ರಕ್ಷಣೆ 14 ಚದರ ಮೀಟರ್‌ಗಿಂತ ದೊಡ್ಡದಾದ ವಾಣಿಜ್ಯ ಮಳಿಗೆಗಳಿಗೆ ದೊರೆಯುವುದಿಲ್ಲ. ಒಂದು ಬೀದಿ ಪ್ರಸಿದ್ಧವಾದೊಡನೆ ಅಲ್ಲಿನ ಬಾಡಿಗೆ ಏರುತ್ತದೆ. ಪ್ರಸಿದ್ಧಿಗೆ ಕಾರಣನಾದ ಹಳೆಯ ಅಂಗಡಿಯವನು ಮೊದಲು ಹೊರಬೀಳುತ್ತಾನೆ. ವೀಣೆಗೆ ತಂತಿ ಬಿಗಿದುಕೊಡುವ ಅಂಗಡಿಯ ಜಾಗದಲ್ಲಿ ಮೊಬೈಲ್ ಕವಚ ಮಾರುವ ಮಳಿಗೆ ಬಂದರೆ ಸ್ವತ್ತಿನ ಒಡೆಯನಿಗೆ ಲಾಭ, ಪಾಲಿಕೆಗೂ ತೆರಿಗೆಯಲ್ಲಿ ನಷ್ಟವಿಲ್ಲ. ನಷ್ಟವಾಗುವುದು ಊರಿಗೆ ಮಾತ್ರ. ನಿರ್ದಿಷ್ಟ ಕಸುಬನ್ನು ಮುಂದುವರಿಸುವ ಸಣ್ಣ ಮಳಿಗೆಗಳಿರುವ ಕಟ್ಟಡಗಳಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ನೀಡಿ, ಅದಕ್ಕೆ ಬದಲಾಗಿ ದೀರ್ಘಾವಧಿಯ ಬಾಡಿಗೆ ಕರಾರು ಕೇಳುವುದು ಅಸಾಧ್ಯದ ಮಾತಲ್ಲ.

ಮೂರನೆಯದಾಗಿ, ಪೇಟೆಗೆ ಜನ ಬರುವ ದಾರಿ. 2017ರ ಜೂನ್‌ನಲ್ಲಿ ಚಿಕ್ಕಪೇಟೆ ಮತ್ತು ಕೃಷ್ಣರಾಜೇಂದ್ರ ಮಾರುಕಟ್ಟೆಯ ಸುರಂಗ ನಿಲ್ದಾಣಗಳು ತೆರೆದ ಮೇಲೆ, ಕಾರು ನಿಲ್ಲಿಸಲು ಜಾಗವಿಲ್ಲ ಎಂಬ ಮಧ್ಯಮ ವರ್ಗದ ಹಳೆಯ ನೆಪ ಬಹುಮಟ್ಟಿಗೆ ಸುಳ್ಳಾಗಿದೆ. ಆದರೆ ನಿಲ್ದಾಣದ ಮೆಟ್ಟಿಲು ಹತ್ತಿ ಮೇಲೆ ಬಂದವರಿಗೆ ಯಾವ ಪೇಟೆ ಎತ್ತ ಎಂದು ಹೇಳುವ ಫಲಕ ಬೇಕು. ಪ್ರತಿ ಪೇಟೆಯ ಬಾಯಿಯಲ್ಲಿ ಅದರ ಹೆಸರು, ಹೆಸರಿನ ಮೂಲ, ಇಂದು ಅಲ್ಲಿ ಸಿಗುವ ಸರಕು ಇಷ್ಟನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದ ಫಲಕ ಹಾಕಲು ಎಷ್ಟು ಖರ್ಚಾದೀತು? ಸರಕು ಇಳಿಸಲು ಬೆಳಗಿನ ಮತ್ತು ರಾತ್ರಿಯ ನಿಗದಿತ ವೇಳೆ, ಹಮಾಲಿಗಳಿಗೆ ನೆರಳು ಮತ್ತು ನೀರು, ಹೆಂಗಸರಿಗೆ ಶುಚಿಯಾದ ಶೌಚಾಲಯ, ಓಣಿಯೊಳಗೆ ನುಗ್ಗಬಲ್ಲ ಸಣ್ಣ ಅಗ್ನಿಶಾಮಕ ವಾಹನ, ನೆಲದೊಳಗೆ ಹೋಗುವ ವಿದ್ಯುತ್ ತಂತಿ ಇವು ಲಾಂಛನದಲ್ಲಿ ಕಾಣುವ ಸಂಗತಿಗಳಲ್ಲ. ಆದರೆ ಮದುವೆಯ ಸೀರೆ ಕೊಳ್ಳಲು ಬಂದ ಕುಟುಂಬ ಮುಂದಿನ ಮದುವೆಗೂ ಇಲ್ಲಿಗೇ ಬರಬೇಕೋ ಬೇಡವೋ ಎಂದು ತೀರ್ಮಾನಿಸುವುದು ಇವುಗಳಿಂದಲೇ.

ಕೊನೆಯದಾಗಿ, ಈ ತೀರ್ಮಾನಗಳನ್ನು ಯಾರು ಮಾಡಬೇಕು? ಇದುವರೆಗಿನ ಬ್ರ್ಯಾಂಡ್ ಸಭೆಗಳಲ್ಲಿ ಉದ್ಯಮಿಗಳು, ತಜ್ಞರು, ಅಧಿಕಾರಿಗಳು ಮಾತಾಡಿದ್ದಾರೆ. ಪೇಟೆಯ ವರ್ತಕ ಸಂಘದವರನ್ನು ಸಾಮಾನ್ಯವಾಗಿ ಕರೆಯುವುದು ಕಾಮಗಾರಿ ಆರಂಭವಾದ ಮೇಲೆ, ಅದೂ ಸಮಾಧಾನಪಡಿಸಲು. ಅಂಗಡಿಯ ಗುಮಾಸ್ತರನ್ನೂ ಹಮಾಲಿಗಳನ್ನೂ ಬೀದಿ ವ್ಯಾಪಾರಿಗಳನ್ನೂ ಕರೆಯುವ ರೂಢಿಯೇ ಇಲ್ಲ. ಪಾಲಿಕೆಗಳು ಚಿಕ್ಕವಾದರೆ ಆಡಳಿತ ಜನರ ಹತ್ತಿರ ಬರುತ್ತದೆ ಎಂಬ ವಾದದ ಮೇಲೆಯೇ ಹಳೆಯ ಮಹಾನಗರ ಪಾಲಿಕೆಯನ್ನು ಒಡೆಯಲಾಯಿತು. ಆ ವಾದ ಪ್ರಾಮಾಣಿಕವಾಗಿದ್ದರೆ ಪೇಟೆಗಳಿಗೆಂದೇ ಒಂದು ಸಮಿತಿ ರಚಿಸಿ, ಅಲ್ಲಿ ಇವರೆಲ್ಲರಿಗೂ ಕುರ್ಚಿ ಹಾಕುವುದರಿಂದ ಅದನ್ನು ರುಜುವಾತುಪಡಿಸಬಹುದು.

ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್‌ನಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಬ್ಯಾಂಕು ಹೋದರೂ ಅವೆನ್ಯೂ ರಸ್ತೆಯ ತುದಿಯ ವೃತ್ತವನ್ನು ಜನರು ಮೈಸೂರು ಬ್ಯಾಂಕ್ ವೃತ್ತವೆಂದೇ ಕರೆಯುತ್ತಾರೆ. ಹೆಸರುಗಳಿಗೆ ವಸ್ತುಗಳಿಗಿಂತ ದೀರ್ಘಾಯುಷ್ಯ. ಸೀರೆ ಸಿಗದ ಚಿಕ್ಕಪೇಟೆ, ವಾದ್ಯಗಳಿಲ್ಲದ ಬಳೆಪೇಟೆ, ಪುಸ್ತಕ ಕಾಣದ ಅವೆನ್ಯೂ ರಸ್ತೆ ಇವುಗಳ ಹೆಸರು ಕೂಡ ಹಾಗೆಯೇ ಬಹುಕಾಲ ಉಳಿದೀತು; ಮೆಟ್ರೊ ನಿಲ್ದಾಣದ ಫಲಕದಲ್ಲಿ, ಪ್ರವಾಸಿ ನಕ್ಷೆಯಲ್ಲಿ, ಹೊಸ ಲಾಂಛನದ ಅಂಚಿನಲ್ಲಿ. ಹಾಗಾದ ದಿನ ಬೆಂಗಳೂರಿನ ಬಳಿ ಮಾರಲು ಹೆಸರುಗಳಿರುತ್ತವೆ, ಹೆಸರಿನ ಹಿಂದೆ ಸರಕಿರುವುದಿಲ್ಲ. ಪೇಟೆಯ ಯಾವ ವ್ಯಾಪಾರಿಯನ್ನು ಕೇಳಿದರೂ ಹೇಳುತ್ತಾನೆ, ಅಂಥ ಅಂಗಡಿ ಬಹಳ ದಿನ ಬಾಗಿಲು ತೆರೆದಿರುವುದಿಲ್ಲ ಎಂದು.